ಬಿಡಾರದ ಅಂಚಿಗೇ ಮುಗಿಯಲಿ ಬೆಳಕು

ಚಾಮರಾಜನಗರದಿಂದ ಸತ್ಯಮಂಗಲದ ದಾರಿ ಹಿಡಿದರೆ ಪುಣಜನೂರು ನಮ್ಮ ಸೀಮೆಯ ಕಡೆಯ ಊರುಗಳಲ್ಲೊಂದು. ಹಿಂದೆ 209 ಎನ್ನುತ್ತಿದ್ದ, ಈಗ 948 ಎಂಬ ಸಂಖ್ಯೆ ಹೊತ್ತ ಹೆದ್ದಾರಿ ಅಲ್ಲಿಂದ ಮುಂದೆ ಕಾಡು ಹೊಕ್ಕು, ಗಡಿ ದಾಟಿ, ಹಾಸನೂರಿನ ಮೇಲೆ ಹಾದು, 27 ಕಡಿದಾದ ತಿರುವುಗಳ ದಿಂಬಂ ಘಾಟಿ ಇಳಿಯುತ್ತದೆ. 2022ರ ಫೆಬ್ರುವರಿಯಲ್ಲಿ ಘಾಟಿಯ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿದ್ದ ಮೇಲೆ, ಹೊತ್ತು ಮೀರಿ ಬಂದ ಲಾರಿಗಳು ಬೆಳಗಾಗುವ ತನಕ ಈಚೆಗೇ ನಿಲ್ಲಬೇಕು.

ಹಾಗೆ ನಿಂತಿದ್ದ ಒಂದು ಲಾರಿಯ ಪಕ್ಕದಲ್ಲಿ ನಾನು ಒಳ್ಳೆಯ ಬೆಳಕು ಎಂದರೇನು ಎಂಬುದನ್ನು ಕಂಡೆ. ಲಾರಿಯ ಕೊಂಡಿಗಳಿಂದ ಟಾರ್ಪಲ್ ಇಳಿಬಿಟ್ಟು ಎರಡು ಬಿದಿರುಗಳಿಗೆ ಕಟ್ಟಿದ್ದರು. ಕೆಳಗೆ ಸ್ಟೌವ್, ಅದರ ಮೇಲೆ ಸಾರಿನ ಪಾತ್ರೆ. ಪಾತ್ರೆಯ ಮೇಲೆ ಒಂದು ಚಿಕ್ಕ ಎಲ್‌ಇಡಿ ಬಲ್ಬು, ಅದಕ್ಕೆ ತಳ ಕೊಯ್ದ ಎಣ್ಣೆ ಡಬ್ಬದ ಟೋಪಿ. ಹತ್ತು ಹೆಜ್ಜೆ ಆಚೆ ನಿಂತರೆ ಅಲ್ಲಿ ದೀಪವಿದೆ ಎಂದು ಗೊತ್ತೇ ಆಗುತ್ತಿರಲಿಲ್ಲ. ಕೇಳಿದ್ದಕ್ಕೆ ಕೊಳ್ಳೇಗಾಲ ಕಡೆಯ ಆ ಚಾಲಕ ಹೇಳಿದ: "ಬೆಳ್ಕು ಬೇಕಾಗಿರದು ಪಾತ್ರೆ ಒಳಕ್ಕೆ ಸಾ, ಕಾಡೊಳಕ್ಕಲ್ಲ."

ನಮ್ಮ ಮನೆಯ ಹಳೆಯ ಓಮ್ನಿ ವ್ಯಾನಿನ ಪಕ್ಕಕ್ಕೆ ಕಟ್ಟುವ ಟಾರ್ಪಲ್ ಚಪ್ಪರಕ್ಕೆ ದೀಪ ಹಾಕುವಾಗ ಆ ಮಾತನ್ನೇ ಅಳತೆಗೋಲು ಮಾಡಿಕೊಂಡೆ. ಈಗ ಬೆಂಗಳೂರಿನಲ್ಲಿ ಬಾಡಿಗೆಗೆ ಕ್ಯಾರವಾನ್ ಸಿಗುತ್ತದೆ. ಅದರ ಚಪ್ಪರಕ್ಕೆ ಕಾರ್ಖಾನೆಯ ದೀಪವೇ ಬಂದಿರುತ್ತದೆ. ನಾನು ಬರೆಯುತ್ತಿರುವುದು ಓಮ್ನಿ, ಟೆಂಪೋ, ಟ್ರಾವೆಲರ್, ಗೂಡ್ಸ್ ಆಟೊ ಇಟ್ಟುಕೊಂಡು ಜಾತ್ರೆಗೋ ಪ್ರವಾಸಕ್ಕೋ ಹೋಗಿ, ಗಾಡಿಯ ಮಗ್ಗುಲಲ್ಲೇ ಉಂಡು ಮಲಗುವ ನಮ್ಮಂಥವರಿಗೆ.

1. ಕೊಳ್ಳುವ ಮೊದಲು ಒಂದು ರಾತ್ರಿ ಕತ್ತಲಲ್ಲಿ ಕೂರಿ

ಮನೆಯ ಮುಂದೆಯೇ ಚಪ್ಪರ ಕಟ್ಟಿ. ಒಂದು ಟಾರ್ಚು ಹಿಡಿದು ಅಡುಗೆ ಮಾಡಿ, ಊಟ ಬಡಿಸಿ, ಹಾಸಿಗೆ ಹಾಸಿ. ಎಲ್ಲೆಲ್ಲಿ ಟಾರ್ಚು ತಿರುಗಿಸಿದಿರೋ ಅಲ್ಲಿ ಮಾತ್ರ ದೀಪ ಬೇಕು. ನಮಗೆ ಮೂರೇ ಜಾಗ ಸಿಕ್ಕವು: ಸ್ಟೌವ್, ತಟ್ಟೆ ಇಡುವ ಚಾಪೆ, ಬಾಗಿಲಿನ ಮೆಟ್ಟಿಲು. ಮೊದಲು ಬರೆದಿಟ್ಟ ಪಟ್ಟಿಯಲ್ಲಿ ಏಳಿದ್ದವು.

2. ವೋಲ್ಟ್ ತಿಳಿಯದೆ ತಂತಿ ಮುಟ್ಟಬೇಡಿ

ಕಾರು, ವ್ಯಾನು, ಗೂಡ್ಸ್ ಆಟೊಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್. ದೊಡ್ಡ ಲಾರಿ, ಬಸ್ಸುಗಳಲ್ಲಿ 24. 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು 24ಕ್ಕೆ ಕೊಟ್ಟರೆ ನೋಡುನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ. 12 ಎಂದರೂ ಅದು ಸರಿಯಾಗಿ 12 ಅಲ್ಲ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6ರ ಆಸುಪಾಸು, ಎಂಜಿನ್ ಓಡುವಾಗ 14 ದಾಟುತ್ತದೆ. ಆದ್ದರಿಂದ ಎಂಜಿನ್ ಆರಿಸಿದ ಮೇಲೆಯೇ ದೀಪ ಹಚ್ಚುವ ಅಭ್ಯಾಸವಿರಲಿ. ನಿಂತ ಗಾಡಿಯ ಎಂಜಿನ್ ಓಡುವಾಗಲೂ ದೀಪ ಬೇಕೆನ್ನುವವರು ವೋಲ್ಟ್ ಅನ್ನು 12ಕ್ಕೆ ಹಿಡಿದಿಡುವ ಕನ್ವರ್ಟರ್ ತುಂಡೊಂದನ್ನು ನಡುವೆ ಹಾಕಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು ಸಿಗುತ್ತವೆ.

ಒಂದನ್ನು ಮಾತ್ರ ಖಂಡಿತ ಬೇಡ ಎನ್ನುತ್ತೇನೆ. ಮದುವೆ ಮನೆಯ ಸೀರಿಯಲ್ ಸೆಟ್ ತಂದು ಇನ್ವರ್ಟರಿಗೆ ಸಿಕ್ಕಿಸಿ ಚಪ್ಪರಕ್ಕೆ ಕಟ್ಟುವವರನ್ನು ನೋಡಿದ್ದೇನೆ. ಅದು 230 ವೋಲ್ಟ್. ನೆನೆದ ಟಾರ್ಪಲ್, ಕಬ್ಬಿಣದ ಕಂಬ, ಬರಿಗಾಲ ಮಕ್ಕಳು. ಇವೆಲ್ಲ ಇರುವ ಜಾಗಕ್ಕೆ ಮನೆಯ ಕರೆಂಟನ್ನು ತರಲೇಬಾರದು.

3. ಪಟ್ಟಿಯನ್ನು ವಾಟ್ ಲೆಕ್ಕದಲ್ಲಿ ಕೊಳ್ಳಿ

ಅಂಗಡಿಯಲ್ಲಿ 5 ಮೀಟರಿನ ಸುರುಳಿ ತೋರಿಸುತ್ತಾರೆ. ನೋಡಲು ಎಲ್ಲವೂ ಒಂದೇ ಥರ. ಮೀಟರಿಗೆ 60 ಸಣ್ಣ ದೀಪಗಳಿರುವ 3528 ಎಂಬ ಬಗೆ ಮೀಟರಿಗೆ 4.8 ವಾಟ್ ತಿನ್ನುತ್ತದೆ. ಅಷ್ಟೇ ದೀಪಗಳಿರುವ 5050 ಬಗೆಯದು 14.4 ವಾಟ್, ಅಂದರೆ ಮೂರು ಪಟ್ಟು. ಅಂಗಡಿಯವರು ಎರಡನೆಯದನ್ನೇ "ಪವರ್ ಜಾಸ್ತಿ ಸಾರ್" ಎಂದು ಕೊಡುತ್ತಾರೆ. ನೀವು ಮೊದಲನೆಯದನ್ನೇ ಕೇಳಿ. ಅದರಲ್ಲಿ ಎರಡು ಮೀಟರ್ ಸಾಕು. 9.6 ವಾಟ್, ಅಂದರೆ 12 ವೋಲ್ಟಿನಲ್ಲಿ 0.8 ಆಂಪಿಯರ್. ನಾಲ್ಕು ಜನ ಕೂತು ಉಣ್ಣಲು, ಅಕ್ಕಿಯಲ್ಲಿ ಕಲ್ಲು ಆರಿಸಲು ಅಷ್ಟು ಬೆಳಕು ಧಾರಾಳ.

ಪಟ್ಟಿಯನ್ನು ಕಂಡಕಂಡಲ್ಲಿ ಕತ್ತರಿಸುವಂತಿಲ್ಲ. 12 ವೋಲ್ಟಿನ ಪಟ್ಟಿಯಲ್ಲಿ ಮೂರು ದೀಪಗಳಿಗೊಂದು ಕತ್ತರಿ ಗುರುತು, ಅದರ ಎರಡು ಮಗ್ಗುಲಲ್ಲಿ ತಾಮ್ರದ ಚುಕ್ಕೆಗಳು ಇರುತ್ತವೆ. ಅಲ್ಲಿಯೇ ಕತ್ತರಿಸಿ, ಅಲ್ಲಿಯೇ ಬೆಸುಗೆ ಹಾಕಬೇಕು. ಪಟ್ಟಿಯ ಮೇಲೆ ಕೂಡು ಗುರುತಿರುವ ಕಡೆಗೆ ಬ್ಯಾಟರಿಯ ಕೆಂಪು ತಂತಿ, ತಿರುಗುಮುರುಗಾದರೆ ಹತ್ತುವುದಿಲ್ಲ.

4. ಬಿಳಿ ಬೇಡ, ಹಳದಿ ಇರಲಿ

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಇದು. ಪೆಟ್ಟಿಗೆಯ ಮೇಲೆ 6000 ಕೆ ಅಥವಾ 6500 ಕೆ ಎಂದು ಬರೆದಿದ್ದರೆ ಅದು ನೀಲಿ ಬೆರೆತ ಬಿಳಿ. 3000 ಕೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಳದಿ. ರಾತ್ರಿ ಹುಳುಗಳ ಕಣ್ಣಿಗೆ ನೀಲಿ ಬಹಳ ಚೆನ್ನಾಗಿ ಕಾಣುತ್ತದೆ. ಹಳದಿ ಕಡಿಮೆ ಸೆಳೆಯುತ್ತದೆ. ಅಂಬರ್ ಬಣ್ಣದ ಪಟ್ಟಿ ಇನ್ನೂ ಕಡಿಮೆ.

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೀವು ಗುಂಡ್ಲುಪೇಟೆಯ ಕಡೆಯೋ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲೋ ಚಪ್ಪರ ಹಾಕಿದರೆ ಇದರ ಬೆಲೆ ತಿಳಿಯುತ್ತದೆ. ನೆಲದಿಂದ ಈಸಲು ಹುಳ ಏಳುತ್ತವೆ. ನಾವು ಒಂದು ವರ್ಷ ಬಿಳಿ ಪಟ್ಟಿ ಕಟ್ಟಿದ್ದೆವು. ಹತ್ತೇ ನಿಮಿಷದಲ್ಲಿ ಸಾರಿನ ಪಾತ್ರೆಯಲ್ಲಿ ರೆಕ್ಕೆಗಳು, ಅನ್ನದ ಮೇಲೆ ರೆಕ್ಕೆಗಳು, ಮಗಳ ಜಡೆಯ ತುಂಬ ರೆಕ್ಕೆಗಳು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯಿತು. ಹುಳು ತಿನ್ನಲು ಕಪ್ಪೆಗಳು ಬಂದವು. ದೀಪದ ಬೆಳಕು ಬಿದ್ದ ನೆಲದ ಸುತ್ತ ಕಪ್ಪೆಗಳು ಸಾಲಾಗಿ ಕೂತಿದ್ದವು. ಹೊಲದ ಯಜಮಾನರು ಟಾರ್ಚು ಹಿಡಿದು ಬಂದು ನೋಡಿ, "ಮೊದ್ಲು ಲೈಟ್ ಆಫ್ ಮಾಡಿ ಸಾಮಿ, ಕಪ್ಪೆ ಹಿಂದೆ ಹಾವು ಬತ್ತದೆ" ಎಂದರು. ಆರಿಸಿದೆವು. ಕಾಲು ಗಂಟೆಯಲ್ಲಿ ಹುಳುಗಳೂ ಚದುರಿದವು, ಕಪ್ಪೆಗಳೂ ಹೋದವು. ಆ ರಾತ್ರಿ ನಾವು ವ್ಯಾನಿನೊಳಗೆ ಕೂತು ಉಂಡೆವು.

ಬೆಳಕು ಕೇವಲ ಬೆಳಕಲ್ಲ, ಅದೊಂದು ಕರೆ. ಯಾರ್‍ಯಾರನ್ನು ಕರೆಯುತ್ತಿದ್ದೇವೆ ಎಂದು ತಿಳಿದು ಹಚ್ಚಬೇಕು. ಹಳದಿ ಪಟ್ಟಿ ಕಟ್ಟಿದ ಮೇಲೆ ಹುಳು ಬರುವುದೇ ಇಲ್ಲವೆಂದಲ್ಲ, ಉಣ್ಣುವುದಕ್ಕೆ ಬಿಡುವಷ್ಟು ಕಡಿಮೆಯಾದವು. ಈಸಲು ಏಳುವ ಸಂಜೆಗಳಲ್ಲಿ ಮಾತ್ರ ಯಾವ ಬಣ್ಣವೂ ಪೂರ್ತಿ ಕಾಯುವುದಿಲ್ಲ. ಬೇಗ ಉಂಡು ದೀಪ ಆರಿಸುವುದೇ ದಾರಿ.

5. ಫ್ಯೂಸ್ ಇಲ್ಲದೆ ಒಂದು ಅಡಿ ತಂತಿಯನ್ನೂ ಎಳೆಯಬೇಡಿ

ನನ್ನ ಮೊದಲ ಪ್ರಯತ್ನದಲ್ಲಿ ಫ್ಯೂಸ್ ಇರಲಿಲ್ಲ. ಒಂಬತ್ತೇ ವಾಟಿನ ದೀಪಕ್ಕೆ ಅದೇಕೆ ಎಂದುಕೊಂಡೆ. ತಂತಿಯನ್ನು ಜಾರುಬಾಗಿಲ ಅಂಚಿನಿಂದ ಹೊರಗೆ ತಂದಿದ್ದೆ. ಬಾಗಿಲು ತೆರೆದು ಹಾಕಿ, ತೆರೆದು ಹಾಕಿ, ಮೇಲಿನ ಪ್ಲಾಸ್ಟಿಕ್ ಸವೆಯಿತು. ಒಂದು ಸಂಜೆ ತಾಮ್ರ ಗಾಡಿಯ ತಗಡಿಗೆ ತಗುಲಿತು. ಸುಟ್ಟ ವಾಸನೆ ಬಂದಾಗ ಮೊದಲು ಸ್ಟೌವ್ ಕಡೆ ನೋಡಿದೆವು. ಹೊಗೆ ಬರುತ್ತಿದ್ದದ್ದು ಮಗಳು ಒರಗಿದ್ದ ಸೀಟಿನ ಹಿಂದಿನಿಂದ. ಮನೆಯವಳು ಅವಳನ್ನು ಎಳೆದು ಹೊರಗೆ ತಂದಳು, ನಾನು ಬ್ಯಾಟರಿಯ ಕ್ಲಿಪ್ ಕಿತ್ತೆ. ತಂತಿಯ ಮೇಲಿನ ಕೆಂಪು ಪ್ಲಾಸ್ಟಿಕ್ ಒಂದೂವರೆ ಅಡಿಯಷ್ಟು ಉದ್ದಕ್ಕೆ ಕರಗಿ, ಸೀಟಿನ ರೆಕ್ಸಿನ್ನಿಗೆ ಅಂಟಿಕೊಂಡಿತ್ತು. ಆ ತಂತಿಯ ತುಂಡನ್ನು ಇವತ್ತಿಗೂ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.

ದೀಪ ಎಳೆಯುವುದು ಒಂದು ಆಂಪಿಯರಿಗಿಂತ ಕಡಿಮೆ ಇರಬಹುದು. ಆದರೆ ತಂತಿ ಎಲ್ಲಾದರೂ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯಬಲ್ಲದು. ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು. ತಂತಿಯ ಮಗ್ಗುಲಲ್ಲಿ ಮಲಗಿದವರನ್ನು. ಆದ್ದರಿಂದ ಅದು ಇರಬೇಕಾದದ್ದು ದೀಪದ ಹತ್ತಿರವಲ್ಲ, ಬ್ಯಾಟರಿಯ ಕೂಡು ತುದಿಯಿಂದ ಒಂದು ಗೇಣಿನೊಳಗೆ. ಈ ದೀಪಕ್ಕೆ 3 ಆಂಪಿಯರಿನ ಬ್ಲೇಡ್ ಫ್ಯೂಸ್ ಸರಿ. ಹೋಲ್ಡರ್ ಸಮೇತ ಯಾವ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬೇಕಾದರೂ ಕೊಡುತ್ತಾರೆ. ತಂತಿ ತಗಡಿನ ತೂತು ದಾಟುವ ಕಡೆಯಲ್ಲೆಲ್ಲ ರಬ್ಬರ್ ಬಳೆ ತೊಡಿಸಿ. ಬಾಗಿಲ ಅಂಚಿನಲ್ಲಿ ತರಲೇಬೇಡಿ. ಕಿಟಕಿಯ ಮೇಲ್ಭಾಗದಿಂದ ತನ್ನಿ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದನ್ನು ಹಾಕಬೇಡಿ, ತಂತಿ ಎಲ್ಲಿ ತಗುಲುತ್ತಿದೆ ಎಂದು ಹುಡುಕಿ.

6. ತೆಳು ತಂತಿ ಬೆಳಕನ್ನು ನುಂಗುತ್ತದೆ

ಬ್ಯಾಟರಿಯಿಂದ ಚಪ್ಪರದ ತುದಿಗೆ 6 ಮೀಟರ್ ಎಂದರೆ ಹೋಗಿ ಬರುವ ತಂತಿ 12 ಮೀಟರ್. ಕಾಲಿಂಗ್ ಬೆಲ್ಲಿಗೆ ಹಾಕುವಂಥ ತೆಳು ತಂತಿಯಲ್ಲಿ ನಮ್ಮ 0.8 ಆಂಪಿಯರಿಗೇ ಸುಮಾರು ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ದೀಪ ಸೊರಗಿ ಉರಿಯುತ್ತದೆ. 1 ಚದರ ಮಿ.ಮೀ. ತಾಮ್ರದ ತಂತಿಯಾದರೆ ಹೋಗುವುದು 0.2 ವೋಲ್ಟಿನಷ್ಟು. ಒಂಟಿ ಗಟ್ಟಿ ಎಳೆಯದು ಬೇಡ, ಹಲವು ಎಳೆಗಳ ಮೆತ್ತನೆಯ ತಂತಿ ಕೇಳಿ. ಮಡಚಿ ಬಿಚ್ಚುವ ಚಪ್ಪರದಲ್ಲಿ ಗಟ್ಟಿ ಎಳೆ ಒಂದು ಋತುವಿಗೆ ಮುರಿಯುತ್ತದೆ.

7. ಅಂಟಿಸಬೇಡಿ, ಹೊಲಿಸಿ

ಪಟ್ಟಿಯ ಬೆನ್ನಿಗೆ ಅಂಟು ಬಂದೇ ಇರುತ್ತದೆ. ಅದನ್ನು ನಂಬಿ ಟಾರ್ಪಲ್ಲಿಗೆ ಒತ್ತಿದರೆ ಚಾಮರಾಜನಗರದ ಏಪ್ರಿಲ್ ಬಿಸಿಲಿಗೆ ಎರಡನೆಯ ದಿನವೇ ಜೋತುಬೀಳುತ್ತದೆ. ನಾನು ಬಗೆಬಗೆಯ ಗಮ್ಮು ತಂದು ಬಳಿದು ನೋಡಿದೆ. ಕೊನೆಗೆ ಟಾರ್ಪಲ್ ಹೊಲಿಯುವ ಭಾಯ್ ಹತ್ತಿರ ಹೋದೆ. ಲಾರಿಗಳಿಗೆ ಟಾರ್ಪಲ್ ಹೊಲಿದು, ಅಂಚಿಗೆ ಹಿತ್ತಾಳೆ ಕಣ್ಣು ಬಡಿದು ಕೊಡುವುದೇ ಅವರ ಕಸುಬು.

ಅವರು ನನ್ನ ಪಟ್ಟಿಯನ್ನು ಬೆರಳಿಗೆ ಸುತ್ತಿ ನೋಡಿದರು. "ಗಮ್ಮು ನಿಲ್ಲಕ್ಕಿಲ್ಲ ಅಣ್ಣಾ. ಉದ್ದುಕ್ಕೆ ಒಂದ್ ಚೀಲ ಹೊಲ್ಕೊಡ್ತೀನಿ. ಒಳಕ್ ತೂರ್ಸಿ, ಬ್ಯಾಡ ಅಂದಾಗ ಎಳ್ಕಳಿ." ಪುಸ್ತಕಕ್ಕೆ ಹೊದಿಸುವಂಥ, ಆದರೆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ಕನ್ನು ಎರಡು ಬೆರಳಗಲ ಕತ್ತರಿಸಿದರು. ಚಪ್ಪರದ ಒಳಮೈಯಲ್ಲಿ, ಗಾಡಿಗೆ ತಾಗುವ ಅಂಚಿನಿಂದ ಒಂದು ಮೊಳ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನೈಲಾನ್ ದಾರ ಹಾಕಿ ಎರಡೂ ಮಗ್ಗುಲು ಓಡಿಸಿದರು. ಒಂದು ತುದಿ ಮುಚ್ಚಿ, ಇನ್ನೊಂದನ್ನು ತೆರೆದು ಬಿಟ್ಟರು. ಮುಚ್ಚಿದ ತುದಿಯಲ್ಲಿ ಮಾತ್ರ ಸೂಜಿಯಿಂದ ಎರಡು ಸಣ್ಣ ತೂತು ಮಾಡಿದರು. ಅದೇಕೆ ಎಂದೆ. "ಬೆವ್ರು ಹೋಗ್ಬೇಕಲ್ಲ" ಎಂದರು. ಒಳಗೆ ಹನಿಗಟ್ಟುವ ತೇವಕ್ಕೆ ಅವರ ಮಾತು ಅದು. ನಾಲ್ಕು ಮಳೆಗಾಲ ಕಂಡ ಆ ಚೀಲ ಇನ್ನೂ ಬಿಚ್ಚಿಲ್ಲ. ಪಟ್ಟಿ ಕೆಟ್ಟಾಗ ಎಳೆದು ಹೊಸದು ತೂರಿಸುವುದು ಎರಡು ನಿಮಿಷದ ಕೆಲಸ.

ಟಾರ್ಪಲ್ ಬಣ್ಣವನ್ನೂ ನೋಡಿ. ಒಳಮೈ ಬಿಳಿಯೋ ಬೆಳ್ಳಿಯೋ ಆಗಿದ್ದರೆ ಅರ್ಧ ದೀಪದಲ್ಲೇ ಮುಗಿಯುತ್ತದೆ. ನೀಲಿ, ಕಪ್ಪು ಟಾರ್ಪಲ್ ಬೆಳಕನ್ನು ಕುಡಿಯುತ್ತದೆ.

8. ಬೆಳಕಿಗೆ ಗೋಡೆ ಕಟ್ಟಿ

ಮನೆ ವೈರಿಂಗಿಗೆ ಬಳಸುವ ಬಿಳಿ ಪಿವಿಸಿ ಕೇಸಿಂಗ್ ಪಟ್ಟಿ ಗೊತ್ತಲ್ಲ, ಅದರ ಮುಚ್ಚಳ ತೆಗೆದರೆ ಒಳ್ಳೆಯ ದೋಣಿ. ಮೆಟ್ಟಿಲ ಮೇಲಿನ ದೀಪಕ್ಕೆ ನಾನು ಮಾಡಿದ್ದು ಇಷ್ಟೇ: ಎಲ್‌ಇಡಿ ಪಟ್ಟಿಯ ತುಂಡನ್ನು ಆ ದೋಣಿಯೊಳಗೆ ಕೂರಿಸಿ, ಬಾಯಿ ಕೆಳಗೆ ಮಾಡಿ ಕಟ್ಟಿದೆ. ಬೆಳಕು ಪಾದಕ್ಕೆ ಬೀಳುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಸ್ಟೌವಿನ ಮೇಲಿನದಕ್ಕೆ ಪುಣಜನೂರಿನ ಎಣ್ಣೆ ಡಬ್ಬದ ಪಾಠವೇ. ಚಪ್ಪರದ ಹೊರ ಅಂಚಿಗೆ ಒಂದು ಗೇಣು ಬಟ್ಟೆ ಜೋಲುಬಿಟ್ಟರೆ ಬೆಳಕು ಅಲ್ಲಿಗೇ ನಿಲ್ಲುತ್ತದೆ.

ಎಲ್ಲ ಆದ ಮೇಲೆ ಇಪ್ಪತ್ತು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಿ. ಕೂತವರ ಮುಖ ಕಂಡು ದೀಪದ ಮೂಲ ಕಾಣದಿದ್ದರೆ ಸರಿಯಾಯಿತು. ದೀಪವೇ ಕಣ್ಣಿಗೆ ಹೊಡೆದರೆ ಕೆಲಸ ಬಾಕಿ ಇದೆ. ಹೆದ್ದಾರಿಯ ಕಡೆಗೆ ಮುಖ ಮಾಡಿದ ಚಪ್ಪರವಾದರೆ ಈ ಪರೀಕ್ಷೆಯನ್ನು ರಸ್ತೆಯ ಬದಿಯಿಂದಲೂ ಮಾಡಿ. ಎದುರು ಬರುವ ಬೈಕಿನವರ ಕಣ್ಣು ಕೋರೈಸಿದರೆ ತಪ್ಪು ನಮ್ಮದೇ.

9. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕು

ಚಿಕ್ಕ ವ್ಯಾನಿನ ಬ್ಯಾಟರಿ 35 ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ನಮ್ಮ ದೀಪ ನಾಲ್ಕು ಗಂಟೆಗೆ ತಿನ್ನುವುದು 3.2, ಅಂದರೆ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಒಂದು ರಾತ್ರಿಗೆ ಭಯವಿಲ್ಲ. ಆದರೆ ದೀಪದ ಹಿಂದೆಯೇ ನಾಲ್ಕು ಮೊಬೈಲು, ಒಂದು ಸಣ್ಣ ಫ್ಯಾನು, ಹಾಡು ಎಲ್ಲ ಸೇರುತ್ತವೆ. ಗಾಡಿ ಎಬ್ಬಿಸುವ ಬ್ಯಾಟರಿಗಳು ಒಂದು ಕ್ಷಣ ಜೋರಾಗಿ ಕೊಟ್ಟು ಮತ್ತೆ ತುಂಬಿಕೊಳ್ಳಲು ಮಾಡಿದವು. ನಿಧಾನವಾಗಿ ಆಳಕ್ಕೆ ಖಾಲಿಯಾಗುವುದು ಅವಕ್ಕೆ ಒಗ್ಗುವುದಿಲ್ಲ, ಆಯುಸ್ಸು ಬೇಗ ಮುಗಿಯುತ್ತದೆ.

ಎರಡು ಮೂರು ರಾತ್ರಿ ಉಳಿಯುವವರು ದೀಪಕ್ಕೆ ಬೇರೆ ಬ್ಯಾಟರಿ ಇಡಿ. ಕಂಪ್ಯೂಟರ್ ಯುಪಿಎಸ್ಸಿನ 12 ವೋಲ್ಟ್ 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ಸಾಲುತ್ತದೆ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೂ ನಮ್ಮ ದೀಪ ನಾಲ್ಕು ಗಂಟೆಗೂ ಮಿಕ್ಕಿ ಉರಿಯುತ್ತದೆ. ಹಗಲು ಗಾಡಿಯ ಮೇಲೆ 20 ವಾಟಿನ ಸೋಲಾರ್ ತಗಡು ಮತ್ತು ಒಂದು ಚಾರ್ಜ್ ಕಂಟ್ರೋಲರ್ ಇದ್ದರೆ ನಮ್ಮ ಸೀಮೆಯ ಬಿಸಿಲಿಗೆ ಸಂಜೆಯೊಳಗೆ ತುಂಬುತ್ತದೆ. ಈ ಬ್ಯಾಟರಿಗೂ ಫ್ಯೂಸ್ ಬೇಕು, ಮರೆಯಬೇಡಿ.

10. ಸ್ವಿಚ್ಚು ಹಾಸಿಗೆಯಿಂದ ಕೈಗೆಟಕಲಿ

ಒಂದು ಸ್ವಿಚ್ಚು, ಜೊತೆಗೆ ಬೆಳಕು ಏರಿಸಿ ಇಳಿಸುವ ಡಿಮ್ಮರ್. ಅಡುಗೆಯ ಹೊತ್ತಿಗೆ ಪೂರ್ತಿ, ಊಟಕ್ಕೆ ಅರ್ಧ, ಮಾತಿಗೆ ಕಾಲು ಭಾಗ. ಇಳಿಸಿದಷ್ಟೂ ಬ್ಯಾಟರಿ ಉಳಿಯುತ್ತದೆ. ರಾತ್ರಿ ಹೊರಗೆ ಏಳುವವರು ಮೊದಲು ಮೆಟ್ಟಿಲ ದೀಪ ಹಚ್ಚಿ, ನೆಲ ನೋಡಿ, ಚಪ್ಪಲಿ ಕೊಡವಿ ಹಾಕಿಕೊಂಡು ಇಳಿಯಬೇಕು. ನಮ್ಮ ಮನೆಯಲ್ಲಿ ಇದು ಮಕ್ಕಳಿಗೂ ದೊಡ್ಡವರಿಗೂ ಒಂದೇ ಕಟ್ಟಳೆ.

11. ನೀರಿಗೆ ದಾರಿ ತೋರಿಸಿ

ಪಟ್ಟಿ ಸಿಲಿಕೋನ್ ಹೊದಿಕೆಯದಿರಲಿ. ಐಪಿ 65 ಎಂದು ಬರೆದಿರುತ್ತದೆ. ಕತ್ತರಿಸಿದ ತುದಿಗೆ ಸಿಲಿಕೋನ್ ಪೇಸ್ಟ್ ಹಚ್ಚಿ. ಗಾಡಿಯೊಳಕ್ಕೆ ಹೋಗುವ ಮುನ್ನ ತಂತಿಯನ್ನು ಒಂದು ಗೇಣು ಕೆಳಕ್ಕೆ ಜೋಲುಬಿಟ್ಟು ಮೇಲೆತ್ತಿ. ತಂತಿಯ ಮೇಲೆ ಹರಿದು ಬರುವ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಜೋಡಣೆಗೆ ಟೇಪು ಸುತ್ತಿ ಸುಮ್ಮನಾಗಬೇಡಿ. ಬೆಸುಗೆ ಹಾಕಿ, ಬಿಸಿಗೆ ಬಿಗಿಯುವ ಸ್ಲೀವ್ ತೊಡಿಸಿ. ಗ್ಯಾಸ್ ಸ್ಟೌವಿನ ಮೇಲೆ ನೇರವಾಗಿ ಯಾವ ಜೋಡಣೆಯೂ ಬರಬಾರದು.

12. ಎಲ್ಲವೂ ಕಳಚುವಂತಿರಲಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ತಯಾರಕರು ಕೊಟ್ಟ ರೂಪದಿಂದ ಮನಬಂದಂತೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಗಾಡಿಯ ಮೈಗೆ ವೆಲ್ಡಿಂಗ್ ಮಾಡಿಸಿ ಕಂಬ ನಿಲ್ಲಿಸಬೇಡಿ. ಕೊಂಡಿ, ಹಗ್ಗ, ಎರಡು ಬಿದಿರು, ಕಿತ್ತು ಜೋಡಿಸುವ ಕಪ್ಲರ್ ಸಾಕು. ಓಡುವ ಗಾಡಿಯಲ್ಲಿ ಈ ದೀಪ ಹತ್ತಲೇಬಾರದು. ಕೆಂಪು, ನೀಲಿ, ಮಿಣುಕುವ ಪಟ್ಟಿಗಳ ಆಸೆ ಬೇಡ. ಆ ಬೆಳಕುಗಳು ಆಂಬುಲೆನ್ಸಿನಂಥ ತುರ್ತು ಗಾಡಿಗಳ ಗುರುತು.

13. ಕಾಡಿನಲ್ಲಿ ಚಪ್ಪರವೇ ಬೇಡ

ಪುಣಜನೂರಿನ ಸುತ್ತಲ ಕಾಡು ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ. 1974ರಲ್ಲಿ ವನ್ಯಧಾಮವಾದದ್ದು 2011ರಲ್ಲಿ ಹುಲಿಗಳಿಗೆ ಮೀಸಲಾಯಿತು. ಅತ್ತ ಗುಂಡ್ಲುಪೇಟೆಯಿಂದ ಬಂಡೀಪುರ ಹಾಯುವ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ ವಾಹನಗಳ ಸಂಚಾರವಿಲ್ಲ. ಈ ದಾರಿಗಳಲ್ಲಿ ಹಗಲಿನಲ್ಲೂ ಗಾಡಿ ನಿಲ್ಲಿಸಿ ಇಳಿಯಬಾರದು. ಚಪ್ಪರ, ಅಡುಗೆ, ದೀಪದ ಮಾತೇ ಬೇಡ.

ದೀಪ ಇದ್ದರೆ ಆನೆ ಹತ್ತಿರ ಬರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಪುಣಜನೂರಿನಿಂದ ಆಚೆ ಕಾರಪಳ್ಳಂ ಚೆಕ್‌ಪೋಸ್ಟಿನ ತನಕ ಓಡಾಡುವ ಯಾವ ಲಾರಿಯವರನ್ನಾದರೂ ಕೇಳಿ. ಹೆಡ್‌ಲೈಟ್ ಉರಿಯುತ್ತಿರುವ ಲಾರಿಯನ್ನೇ ಅಡ್ಡಗಟ್ಟಿ ಆನೆಗಳು ಕಬ್ಬು ಎಳೆದುಕೊಳ್ಳುತ್ತವೆ. ಅದಕ್ಕೆ ಹೆದರದ ಆನೆ ನಮ್ಮ ಒಂಬತ್ತು ವಾಟಿಗೆ ಹೆದರುತ್ತದೆಯೇ? ಕಾಡಂಚಿನ ಊರಿನಲ್ಲಿ ಉಳಿಯುವಾಗಲೂ ಬಾಳೆಹಣ್ಣು, ಹಲಸು, ಕಬ್ಬು, ಉಪ್ಪಿನ ಚೀಲಗಳನ್ನು ಚಪ್ಪರದಡಿ ಬಿಡಬೇಡಿ.

ಹಾಗಾದರೆ ಎಲ್ಲಿ ಹಾಕಬೇಕು? ಊರೊಳಗೆ, ನೆಂಟರ ಕಣದಲ್ಲಿ, ಕೇಳಿ ಒಪ್ಪಿಗೆ ಪಡೆದ ಹೊಲದಲ್ಲಿ, ಹೋಂಸ್ಟೇ ಅಂಗಳದಲ್ಲಿ. ಹೊಲವಾದರೆ ಏನು ಬೆಳೆದಿದ್ದಾರೆ ಎಂದು ವಿಚಾರಿಸಿ. ನಮ್ಮ ಭಾಗದ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲುಸಾಲು ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ಉದ್ದನೆಯ ಕತ್ತಲು ಬೇಕು. ಆ ಕತ್ತಲನ್ನು ನಡುವೆ ಬಲ್ಬಿನಿಂದ ಮುರಿದು, ಗಿಡವನ್ನು ಇನ್ನಷ್ಟು ಬೆಳೆಸಿ, ಹಬ್ಬದ ಹೊತ್ತಿಗೆ ಹೂ ಬರುವಂತೆ ರೈತರು ಸರಿಹೊಂದಿಸುತ್ತಾರೆ. ಒಂದು ಗಿಡಕ್ಕೂ ಬೆಳಕು ಅಷ್ಟು ಅರ್ಥವಾಗುತ್ತದೆ. ಮೊಗ್ಗಿಗೆ ಬಿಟ್ಟ ಹೊಲದ ಪಕ್ಕದಲ್ಲಿ ಗಾಡಿ ನಿಲ್ಲಿಸಿದರೆ ನಿಮ್ಮ ದೀಪದ ಮುಖ ಆ ಕಡೆ ಇರದಿರಲಿ.

14. ಜಾತ್ರೆಗೆ ಹೊರಟವರಿಗೆ

ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಗೆ ತೊಡಗಿ ಐದು ದಿನ ನಡೆಯುತ್ತದೆ. ಜನ ಅಲ್ಲಿ ಬಿಡಾರ ಹೂಡುತ್ತಾರೆ. ಟೆಂಪೋ, ಟ್ರ್ಯಾಕ್ಟರು, ಗೂಡ್ಸ್ ಆಟೊಗಳ ಮಗ್ಗುಲಿಗೆ ಟಾರ್ಪಲ್ ಕಟ್ಟಿ, ಅಲ್ಲೇ ಒಲೆ ಹೂಡಿ, ಅಲ್ಲೇ ಪಂಕ್ತಿ ಕೂತು ಉಣ್ಣುತ್ತಾರೆ. ಗಾಡಿಯ ಚಪ್ಪರಕ್ಕೆ ದೀಪ ಕಟ್ಟುವ ಕೆಲಸ ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಇಲ್ಲಿಯೇ. ಪಕ್ಕದ ಬಿಡಾರ ಒಂದು ಮಾರಿನಾಚೆ ಇರುತ್ತದೆ. ಹಸುಗೂಸುಗಳು, ವಯಸ್ಸಾದವರು ಮಲಗಿರುತ್ತಾರೆ. ಅಂಚಿಗೆ ಬಟ್ಟೆ ಜೋಲುಬಿಟ್ಟ ಹಳದಿ ದೀಪ ಅಲ್ಲಿ ನೆರೆಯವರಿಗೆ ತೋರುವ ಮರ್ಯಾದೆ. ಹಗ್ಗ, ಬಿದಿರುಗಳಿಗೆ ಕಾಲು ಎಡವದಂತೆ ಬುಡದಲ್ಲಿ ಮೂರು ದೀಪದ ತುಂಡೊಂದನ್ನು ಕಟ್ಟಿ. ಜಾತ್ರೆಯ ಜನಸಂದಣಿಯಲ್ಲಿ ಅದು ಬಹಳ ಉಪಕಾರ. ಒಲೆಯ ಕಿಡಿ ಹಾರುವ ದಿಕ್ಕಿಗೆ ತಂತಿ ಎಳೆಯಬೇಡಿ.

ಮೊದಲ ರಾತ್ರಿ ಅಲ್ಲಿ ಚಂದ್ರಮಂಡಲ ಹತ್ತಿಸುತ್ತಾರೆ. ಬಿದಿರಿನ ಕಟ್ಟು, ಅದಕ್ಕೆ ಸುತ್ತಿದ ಬಟ್ಟೆ. ಬೆಂಕಿ ಹತ್ತಿದಾಗ ಅದು ಯಾವ ದಿಕ್ಕಿಗೆ ಹೆಚ್ಚು ಉರಿಯುತ್ತದೋ ಆ ಸೀಮೆಗೆ ಮಳೆ ಬೆಳೆ ಎಂದು ಜನ ನೋಡಿಕೊಳ್ಳುತ್ತಾರೆ. ಅದನ್ನು ಕಾಣಲು ಕತ್ತಲು ಬೇಕು. ಈ ಸಲ ಹೋದಾಗ ಆ ಹೊತ್ತಿಗೆ ನಿಮ್ಮ ಬಿಡಾರದ ದೀಪವನ್ನು ದಯವಿಟ್ಟು ಆರಿಸಿ, ಪಕ್ಕದವರಿಗೂ ಹೇಳಿ.